ಹನ್ನೊಂದರಿಂದ ಶುರುವಾದ ಎಣಿಕೆ

ಮುಂಬೈಯ ಪರೇಲ್, ದಾದರ್ ಕಡೆಯ ರದ್ದಿ ಅಂಗಡಿಗಳಲ್ಲಿ ಹಳೆಯ ‘ಅಮರ ಚಿತ್ರಕಥೆ’ ಹುಡುಕುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಇಂಗ್ಲಿಷ್ ಮಾಲಿಕೆಯ ಮೊದಲ ಪುಸ್ತಕ ‘ಕೃಷ್ಣ’. ಆದರೆ ಅದರ ಸಂಖ್ಯೆ 11. ಒಂದರಿಂದ ಹತ್ತರವರೆಗಿನ ಇಂಗ್ಲಿಷ್ ಪುಸ್ತಕಕ್ಕಾಗಿ ಎಷ್ಟು ತಡಕಿದರೂ ಪ್ರಯೋಜನವಿಲ್ಲ. ಆ ಹತ್ತೂ ಬಂದದ್ದು ಕನ್ನಡದಲ್ಲಿ.

1965ರಲ್ಲಿ ಬೆಂಗಳೂರಿನಲ್ಲಿ ಪ್ರಕಾಶನ ಸಂಸ್ಥೆ ಇಂಡಿಯಾ ಬುಕ್ ಹೌಸ್‌ನ ಪುಸ್ತಕ ಮಾರುತ್ತಿದ್ದ ಜಿ.ಕೆ. ಅನಂತರಾಮ್ ಅವರ ತಲೆಗೆ ಹೊಳೆದ ಉಪಾಯ ಅದು. ಸಿಂಡ್ರೆಲಾ, ಪಿನೋಕಿಯೊ, ಅಲ್ಲಾದೀನ್‌ನಂಥ ಪಾಶ್ಚಾತ್ಯ ಚಿತ್ರಕಥೆಗಳನ್ನೇ ಕನ್ನಡಕ್ಕೆ ತಂದರು. ಪುಸ್ತಕ ಖರ್ಚಾಯಿತು. ಮುಂಬೈ ಕಚೇರಿಯಲ್ಲಿದ್ದ ಮಾಲೀಕರಾದ ಮೀರ್‌ಚಂದಾನಿ ಇದನ್ನು ಗಮನಿಸಿದರು. ನಮ್ಮ ಪುರಾಣಗಳನ್ನೇ ಇಂಗ್ಲಿಷಿನಲ್ಲಿ ತರುವ ಕೆಲಸಕ್ಕೆ ಸಂಪಾದಕರಾಗಿ ಬಂದವರು ಅನಂತ ಪೈ. ಎಲ್ಲರ ಬಾಯಲ್ಲಿರುವ ಕಥೆ ಬೇರೆ: 1967ರಲ್ಲಿ ದೆಹಲಿಯ ಒಂದು ಅಂಗಡಿಯ ಟಿವಿಯಲ್ಲಿ ಪೈಗಳು ಕ್ವಿಜ್ ನೋಡುತ್ತಿದ್ದರು, ಗ್ರೀಕ್ ದೇವತೆಗಳ ಬಗ್ಗೆ ಪಟಪಟನೆ ಉತ್ತರ ಹೇಳಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ ಎಂಬುದು. ಅದೂ ನಡೆದದ್ದೇ. ಪೈಗಳು ಅದನ್ನು ಹೋದಲ್ಲೆಲ್ಲ ಹೇಳಿದರು. ಹೇಳಲು ಚೆನ್ನಾಗಿಯೂ ಇತ್ತು. ಪುಸ್ತಕದ ಚೀಲ ಹೊತ್ತು ಶಾಲೆ, ಅಂಗಡಿ ಸುತ್ತಿದವನ ಕಥೆಗೆ ಆ ರುಚಿ ಇಲ್ಲ. ಅದಕ್ಕೇ ಅನಂತರಾಮ್ ಹೆಸರು ಹಿಂದೆ ಉಳಿಯಿತು. ನಾವಾದರೂ ಅದನ್ನು ಮೊದಲು ಹೇಳಬೇಕು.

ಪೈಗಳು ಹುಟ್ಟಿದ್ದು 1929ರ ಸೆಪ್ಟೆಂಬರ್ 17ರಂದು, ಕಾರ್ಕಳದಲ್ಲಿ. ಎರಡು ವರ್ಷದ ಕೂಸಾಗಿದ್ದಾಗಲೇ ತಂದೆ ತಾಯಿ ಇಬ್ಬರೂ ಹೋದರು. ಹನ್ನೆರಡರ ವಯಸ್ಸಿಗೆ ಮುಂಬೈ ಸೇರಿ ಮಾಹಿಮ್‌ನ ಓರಿಯಂಟ್ ಶಾಲೆಯಲ್ಲಿ ಓದಿದರು. ಮುಂದೆ ಮಾಟುಂಗಾದಲ್ಲಿ ಕೆಮಿಕಲ್ ಟೆಕ್ನಾಲಜಿ. ಕರಾವಳಿಯ ಹುಡುಗರು ಹೋಟೆಲಿನ ಗಲ್ಲಾ, ಬ್ಯಾಂಕಿನ ಕೌಂಟರ್ ಹಿಡಿಯುತ್ತಿದ್ದ ಕಾಲದಲ್ಲಿ ಇವರು ಕೆಮಿಸ್ಟ್ರಿ ಓದಿ, 1954ರಲ್ಲಿ ‘ಮಾನವ್’ ಎಂಬ ಮಕ್ಕಳ ಪತ್ರಿಕೆ ತೆಗೆದರು. ಅದು ನಿಂತುಹೋಯಿತು. ಆಮೇಲೆ ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗ ಸೇರಿದರು. 1964ರಲ್ಲಿ ಅಲ್ಲಿಂದ ‘ಇಂದ್ರಜಾಲ ಕಾಮಿಕ್ಸ್’ ಹೊರಟಾಗ, ಪಾಶ್ಚಾತ್ಯ ಕಾಮಿಕ್ಸ್ ನಾಯಕ ಫ್ಯಾಂಟಮ್‌ನನ್ನು ಆರಿಸಿದ್ದರಲ್ಲಿ ಪೈಗಳ ಮಾತೂ ಇತ್ತು. ಫ್ಯಾಂಟಮ್‌ನ ನಾಡಿಗಿದ್ದ ಹೆಸರು ಬಂಗಾಳವನ್ನು ನೆನಪಿಸುತ್ತದೆಂದು ಇಲ್ಲಿ ಅದನ್ನು ‘ಡೆಂಕಾಲಿ’ ಮಾಡಿದ್ದರು. ಯಾರಿಗೆ ಏನು ಚುಚ್ಚೀತು ಎಂದು ಮೊದಲೇ ಅಳೆಯುವುದು ಚಿತ್ರಕಥೆಯ ಸಂಪಾದಕನಿಗೆ ಬೇಕೇ ಬೇಕಾದ ವಿದ್ಯೆ.

ಪೈಗಳು ಚಿತ್ರಕಾರರಲ್ಲ. ‘ಕೃಷ್ಣ’ದ ಕಥೆ ಅವರದು, ಚಿತ್ರ ರಾಮ್ ವಾಯಿರ್‌ಕರ್ ಅವರದು. ಮೂವತ್ತೆರಡು ಪುಟದೊಳಗೆ ಒಂದು ಬದುಕು ಮುಗಿಯಬೇಕು. ಯಾವ ಚೌಕದಲ್ಲಿ ಯಾರು ನಿಂತಿದ್ದಾರೆ, ಯಾವ ಕಡೆ ನೋಡುತ್ತಿದ್ದಾರೆ, ಗುಳ್ಳೆಯೊಳಗೆ ಎಷ್ಟು ಮಾತು ಹಿಡಿಯುತ್ತದೆ ಎಂಬುದೆಲ್ಲ ಬರಹದಲ್ಲೇ ತೀರ್ಮಾನವಾಗಬೇಕು. ಅದರ ಮೇಲೆ ಪೆನ್ಸಿಲ್, ತಿದ್ದುಪಡಿ, ಆಮೇಲೆ ಶಾಯಿ. ಮೊದಮೊದಲಿನ ಪುಸ್ತಕಗಳಿಗೆ ದುಡ್ಡಿನ ಬಿಗಿಯಿಂದಾಗಿ ಹಳದಿ, ನೀಲಿ, ಹಸಿರು ಮಾತ್ರ. ಪೂರ್ತಿ ಬಣ್ಣ ಬಂದದ್ದು ನಂತರ. ಪುಣೆಯ ಪ್ರತಾಪ್ ಮುಳಿಕ್, ದಿಲೀಪ್ ಕದಮ್, ಸೌರೇನ್ ರಾಯ್, ಯೂಸುಫ್ ಬ್ಯಾಂಗಲೋರ್‌ವಾಲಾ ಮುಂತಾದವರ ಗೆರೆ ಬಲ್ಲವರು ಪುಟ ತಿರುವಿದ ಕೂಡಲೇ ಇಂಥವರದೇ ಎಂದುಬಿಡುತ್ತಾರೆ. ಆದರೂ ಮನೆಮಾತಾದದ್ದು ‘ಅಂಕಲ್ ಪೈ’ ಒಬ್ಬರೇ.

ಗಿರಣಿಯ ಸೈರನ್ನು ಕೇಳುತ್ತಿದ್ದ ಪರೇಲ್‌ನಂಥ ಕಡೆ ಇಂಗ್ಲಿಷ್ ಕಾಮಿಕ್ಸ್ ಕೊಳ್ಳುವವರು ಕಡಿಮೆ. ಬಾಡಿಗೆ ಲೈಬ್ರರಿಯಿಂದ ತಂದು, ಚಾಳಿನ ಪಡಸಾಲೆಯಲ್ಲಿ ನಾಲ್ಕು ಮಕ್ಕಳು ಒಂದನ್ನೇ ಓದಿ ವಾಪಸು ಕೊಡುವುದಿತ್ತು. ಮಾರಾಟದ ಲೆಕ್ಕ ಹಿಡಿದು ಓದುಗರನ್ನು ಎಣಿಸಿದರೆ ತಪ್ಪಾದೀತು.

ಈ ಪುಸ್ತಕಗಳ ಮೇಲೆ ದೂರುಗಳೂ ಇವೆ, ಸುಳ್ಳಲ್ಲ. ದೇವರು, ವೀರರು ಬೆಳ್ಳಗೆ, ರಾಕ್ಷಸರು ಕಪ್ಪಗೆ. ಹೆಂಗಸರೆಂದರೆ ಸೊಂಟ, ಇಲ್ಲವೇ ಸಹನೆ. ಒಂದು ಕಥೆಗೆ ನೂರು ಪಾಠವಿರುವ ನಾಡಿನಲ್ಲಿ ಒಂದೇ ಪಾಠ ಅಚ್ಚಾಗಿ, ಅದೇ ಸರಿ ಎಂದು ಮಕ್ಕಳ ತಲೆಯಲ್ಲಿ ಕೂತುಬಿಟ್ಟಿತು. ಬಸವೇಶ್ವರ, ಮಧ್ವಾಚಾರ್ಯ, ಟಿಪ್ಪು ಸುಲ್ತಾನರ ಮೇಲೂ ಪುಸ್ತಕ ಬಂದವು ನಿಜ. ಅಲ್ಲಿಯೂ ತಕರಾರಿನ ಮೂಲೆಗಳನ್ನು ಉಜ್ಜಿ ನುಣುಪು ಮಾಡಿದ್ದು ಕಾಣುತ್ತದೆ. ಪೈಗಳಿಗೂ ಗೊಂದಲವಿತ್ತು. ಮೊದಲ ‘ಕೃಷ್ಣ’ದಲ್ಲಿ ಪವಾಡವನ್ನು ಪವಾಡವಾಗಿ ತೋರಿಸಲು ಈ ಕೆಮಿಸ್ಟ್ರಿ ಓದಿದ ಸಂಪಾದಕರು ಹಿಂದೆಮುಂದೆ ನೋಡಿದ್ದರು. ಮುಂದೆ ಆ ಹಿಂಜರಿಕೆ ಬಿಟ್ಟರು. ನನಗೆ ಆ ಹಿಂಜರಿದ ಪೈಗಳೇ ಹೆಚ್ಚು ಇಷ್ಟ.

1980ರಲ್ಲಿ ಪೈಗಳ ಮಕ್ಕಳ ಪತ್ರಿಕೆ ‘ಟಿಂಕಲ್’ ಬಂತು. ಅಲ್ಲಿ ಉಪದೇಶದ ಭಾರ ಕಡಿಮೆ, ನಗು ಜಾಸ್ತಿ. ಓದುಗರು ಬರೆದು ಕಳಿಸಿದ ಕಥೆಗಳಿಗೂ ಜಾಗವಿತ್ತು. ತಮಿಳುನಾಡಿನ ಓದುಗರೊಬ್ಬರು ಕಳಿಸಿದ್ದರಿಂದಲೇ ಪೆದ್ದ ಸುಪ್ಪಾಂಡಿ ಹುಟ್ಟಿದ. ಟಿವಿ ಹಾವಳಿಯಿಂದ ತೊಂಬತ್ತರ ದಶಕದಲ್ಲಿ ಚಿತ್ರಕಥೆಯ ಮಾರುಕಟ್ಟೆ ಬಡವಾಯಿತು. 2007ರಲ್ಲಿ ‘ಅಮರ ಚಿತ್ರಕಥೆ’ ಮಾಲಿಕೆ ಎಸಿಕೆ ಮೀಡಿಯಾ ಕಂಪನಿಯ ಪಾಲಾಯಿತು. 2011ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ನಡೆದ ಭಾರತದ ಮೊದಲ ಕಾಮಿಕ್ ಕಾನ್ ಮೇಳ ಪೈಗಳಿಗೆ ಜೀವಮಾನದ ಸಾಧನೆಯ ಗೌರವ ಸಲ್ಲಿಸಿತು. ಅದೇ ತಿಂಗಳ 24ರಂದು ಮುಂಬೈಯಲ್ಲಿ ತೀರಿಕೊಂಡಾಗ ಅವರಿಗೆ 81 ವರ್ಷ. ಸುಪ್ಪಾಂಡಿಗೆ ಆ ಚೂಪು ತಲೆ ಕೊಟ್ಟ ವಾಯಿರ್‌ಕರ್ 2003ರಲ್ಲೇ ಹೋಗಿದ್ದರು. ಅವನ ಚಿತ್ರಗಳನ್ನು ಮುಂದುವರಿಸಿದ್ದು ಅವರ ಮಗಳು ಅರ್ಚನಾ ಅಂಬೇರ್ಕರ್.