ಬನ್ನಿ ಮರ ನಿಂತ ನೆಲ ಬರಡಲ್ಲ

ವಿಜಯದಶಮಿಯ ಸಂಜೆ ಬನ್ನಿ ಎಲೆ ಕೈಗಿಟ್ಟು 'ಬಂಗಾರದಂಗ ಇರೋಣ' ಎನ್ನುವಾಗ ಆ ಮರದ ಬಳಗ ಎಲ್ಲೆಲ್ಲಿದೆ ಎಂದು ಯಾರೂ ಯೋಚಿಸುವುದಿಲ್ಲ. ಥಾರ್ ಮರುಭೂಮಿಯ ಹೊಲಹೊಲದಲ್ಲೂ ನಿಂತಿರುವ ಖೇಜ್ರಿ ನಮ್ಮ ಬನ್ನಿಯೇ. ಮರುಭೂಮಿ ಎಂದರೆ ಏನೂ ಇಲ್ಲದ ಜಾಗ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಈ ಮರ ನೆನಪಾಗುತ್ತದೆ.

ತಪ್ಪು ಕಲ್ಪನೆ: ಮರುಭೂಮಿ ಎಂದರೆ ಸುಡುಬಿಸಿಲು, ಕಣ್ಣು ಹಾಯುವಷ್ಟು ದೂರ ಮರಳು.

ವಾಸ್ತವ: ಮರುಭೂಮಿಯನ್ನು ಗುರುತಿಸುವುದು ಬಿಸಿಲಿನಿಂದಲ್ಲ, ಮಳೆಯ ಲೆಕ್ಕದಿಂದ. ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆಯೋ ಹಿಮವೋ ಬೀಳುವ ನೆಲವನ್ನು ಸಾಮಾನ್ಯವಾಗಿ ಹಾಗೆ ಕರೆಯುತ್ತಾರೆ. ಆ ಲೆಕ್ಕದಲ್ಲಿ ಹಿಮ ಹೊದ್ದ ಅಂಟಾರ್ಕ್ಟಿಕವೇ ಜಗತ್ತಿನ ಅತಿ ದೊಡ್ಡ ಮರುಭೂಮಿ. ಸಹಾರಾದಲ್ಲೂ ಮರಳು ಸುಮಾರು ಕಾಲುಭಾಗ ಮಾತ್ರ. ಉಳಿದದ್ದು ಬಂಡೆ, ಜಲ್ಲಿಗಲ್ಲು, ಬೆಟ್ಟ.

ತಪ್ಪು ಕಲ್ಪನೆ: ಒಂಟೆ ಡುಬ್ಬದಲ್ಲಿ ನೀರು ತುಂಬಿಕೊಂಡು ನಡೆಯುತ್ತದೆ.

ವಾಸ್ತವ: ಡುಬ್ಬದಲ್ಲಿರುವುದು ಕೊಬ್ಬು. 1950ರ ದಶಕದಲ್ಲಿ ಕ್ನುಟ್ ಶ್ಮಿಟ್-ನೀಲ್ಸನ್ ಎಂಬ ಶರೀರವಿಜ್ಞಾನಿ ಸಹಾರಾಕ್ಕೇ ಹೋಗಿ ಒಂಟೆಗಳ ಮೈಬಿಸಿ, ತೂಕ, ಬೆವರು ಎಲ್ಲವನ್ನೂ ಅಳೆದರು. ಬಾಯಾರಿದ ಒಂಟೆಯ ಮೈ ಬೆಳಗಿನ ಜಾವ 34 ಡಿಗ್ರಿಗೆ ಇಳಿದಿರುತ್ತದೆ, ಮಧ್ಯಾಹ್ನ 40 ದಾಟುತ್ತದೆ. ನಮಗಾದರೆ ಅದು ಜ್ವರ. ಒಂಟೆಗೆ ಅದು ಬೆವರು ಉಳಿಸುವ ದಾರಿ. ಉಣ್ಣೆ ಕತ್ತರಿಸಿದ ಒಂಟೆ ಹೆಚ್ಚು ನೀರು ಕಳೆದುಕೊಂಡಿದ್ದನ್ನೂ ಅವರು ಕಂಡರು. ಬಿಸಿಲಲ್ಲಿ ಕಂಬಳಿಯಂತಿರುವ ಆ ಮೈಗೂದಲೇ ಅದಕ್ಕೆ ನೆರಳು. ಮೈತೂಕದ ಕಾಲುಭಾಗದಷ್ಟು ನೀರು ಇಂಗಿದರೂ ಒಂಟೆ ಬದುಕುತ್ತದೆ, ಆಮೇಲೆ ನೀರು ಸಿಕ್ಕರೆ ಕೆಲವೇ ನಿಮಿಷಗಳಲ್ಲಿ 100 ಲೀಟರ್ ಹೀರಬಲ್ಲದು.

ತಪ್ಪು ಕಲ್ಪನೆ: ಬಾಯಾರಿದರೆ ಕಳ್ಳಿ ಸೀಳಿ ನೀರು ಕುಡಿಯಬಹುದು.

ವಾಸ್ತವ: ಬೇಡ. ಬಹುಪಾಲು ಕಳ್ಳಿಗಳ ರಸ ವಾಂತಿ ಭೇದಿ ತರಿಸಿ ಮೈಯಲ್ಲಿದ್ದ ನೀರನ್ನೂ ಕಳೆಯುತ್ತದೆ.

ತಪ್ಪು ಕಲ್ಪನೆ: ಮರುಭೂಮಿಯಲ್ಲಿ ನೆರೆಯ ಭಯವಿಲ್ಲ.

ವಾಸ್ತವ: 2006ರ ಆಗಸ್ಟ್‌ನಲ್ಲಿ ಥಾರ್‌ನ ಬಾಡ್‌ಮೇರ್ ಜಿಲ್ಲೆಯ ಕವಾಸ್ ಊರು ಮುಳುಗಿತು. ಮೂರ್ನಾಲ್ಕು ದಿನದ ಮಳೆ ಅಲ್ಲಿನ ಇಡೀ ವರ್ಷದ ಮಳೆಯನ್ನು ಮೀರಿತ್ತು. ಮರಳಿನಡಿ ಜಿಪ್ಸಮ್ ಪದರ ಇದ್ದುದರಿಂದ ನೀರು ಇಂಗಲೇ ಇಲ್ಲ. ಜಿಲ್ಲೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು.

ತಪ್ಪು ಕಲ್ಪನೆ: ಅಲ್ಲಿ ಬದುಕೇ ಇಲ್ಲ, ಬರೀ ಪಾಳು ನೆಲ.

ವಾಸ್ತವ: ಆಫ್ರಿಕದ ನಮೀಬ್‌ನಲ್ಲಿ ಒಂದು ಕಪ್ಪು ಜೀರುಂಡೆ ಇದೆ. ಕಡಲ ಕಡೆಯಿಂದ ಮಂಜು ಬರುವ ಮುಂಜಾನೆ ಅದು ಮರಳದಿಬ್ಬದ ನೆತ್ತಿಗೆ ಹತ್ತಿ, ಗಾಳಿಗೆದುರಾಗಿ ತಲೆ ತಗ್ಗಿಸಿ ಬೆನ್ನೆತ್ತಿ ನಿಲ್ಲುತ್ತದೆ. ಬೆನ್ನ ಮೇಲೆ ಮಂಜು ಹನಿಗಟ್ಟಿ ಮೆಲ್ಲಗೆ ಜಾರಿ ಬಾಯಿಗೆ ಇಳಿಯುತ್ತದೆ. ಅದೇ ಅದರ ಬಾವಿ.

ಇನ್ನು ನಮ್ಮ ಬನ್ನಿ. ಖೇಜ್ರಿಯ ಬೇರು ಹತ್ತಾರು ಮೀಟರ್ ಆಳಕ್ಕೆ ಇಳಿಯುತ್ತದೆ. ಉಳಿದೆಲ್ಲ ಒಣಗಿ ನಿಂತ ಬೇಸಗೆಯಲ್ಲಿ ಅದು ಚಿಗುರುತ್ತದೆ. ಸೊಪ್ಪು ಆಡು, ಒಂಟೆಗಳಿಗೆ ಮೇವು. ಎಳೆ ಕಾಯಿಗೆ ಸಾಂಗರಿ ಎಂದು ಹೆಸರು. ಒಣಗಿಸಿಟ್ಟುಕೊಂಡು ಕೇರ್ ಎಂಬ ಇನ್ನೊಂದು ಕಾಯಿಯ ಜೊತೆ ಪಲ್ಯ ಮಾಡುತ್ತಾರೆ. ದ್ವಿದಳ ಜಾತಿಯ ಮರವಾದ್ದರಿಂದ ನೆಲಕ್ಕೆ ಸಾರಜನಕ ಕೊಡುತ್ತದೆ, ಅದಕ್ಕೇ ರೈತರು ಅದರ ಬುಡದಲ್ಲೇ ಸಜ್ಜೆ ಬಿತ್ತುತ್ತಾರೆ. 1730ರಲ್ಲಿ ಜೋಧಪುರದ ಅರಮನೆ ಕೆಲಸಕ್ಕೆ ಸುಣ್ಣ ಸುಡಲು ಮರ ಕಡಿಯಲು ಬಂದವರೆದುರು ಖೇಜಡ್ಲಿ ಊರಿನ ಅಮೃತಾ ದೇವಿ ಮರವನ್ನು ತಬ್ಬಿ ನಿಂತರು. ಆ ಹಟದಲ್ಲಿ ಅವರ ಬಿಷ್ಣೋಯಿ ಸಮುದಾಯದ 363 ಜನ ಜೀವ ತೆತ್ತರೆಂದು ಆ ಸಮುದಾಯ ಇಂದಿಗೂ ಹೆಸರಿಟ್ಟು ನೆನೆಯುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಬಿಕಾನೇರ್ ಕಡೆ ಸೋಲಾರ್ ಘಟಕಗಳಿಗಾಗಿ ಖೇಜ್ರಿ ಉರುಳಿದೆ, ಅದರ ವಿರುದ್ಧ ಜನ ಧರಣಿ ಕೂತದ್ದೂ ಇದೆ. ಸೂರ್ಯನ ವಿದ್ಯುತ್ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮರ ಉಳಿಸಿಕೊಂಡೇ ಫಲಕ ಹಾಕಿ ಎಂದು ಕೇಳುವವರ ಮಾತು ಸರಿಯಾಗಿದೆ. ಸಜ್ಜೆ ಬೆಳೆಯುವ, ಆಡು ಮೇಯುವ ಆ ನೆಲದ ಎಷ್ಟೋ ಭಾಗ ಸರ್ಕಾರಿ ನಕಾಶೆಯಲ್ಲಿ ಇಂದಿಗೂ 'ಪಾಳು ಭೂಮಿ' ಎಂದೇ ಇದೆ.