ಬಿಳಿ ಪುಟ ಕಂಡರೆ ಬರಹ ಹೋಯಿತೆಂದಲ್ಲ

ಕಳೆದ ಮಳೆಗಾಲದ ಒಂದು ರಾತ್ರಿ ತೀರ್ಥಹಳ್ಳಿ ಕಡೆಯ ಪರಿಚಿತರೊಬ್ಬರು ಫೋನ್ ಮಾಡಿದರು. ನಿವೃತ್ತ ಶಿಕ್ಷಕಿ. ತಮ್ಮ ಸೀಮೆಯ ಗದ್ದೆ, ಗುಡ್ಡ, ಹಳ್ಳಗಳ ಹೆಸರು ಹೇಗೆ ಬಂತೆಂದು ಹಿರಿಯರನ್ನು ಕೇಳಿ ಕೇಳಿ ಹದಿಮೂರು ವರ್ಷದಿಂದ ವರ್ಡ್‌ಪ್ರೆಸ್ ಬ್ಲಾಗಿನಲ್ಲಿ ಬರೆದಿಟ್ಟವರು. "ಅಪ್‌ಡೇಟ್ ಮಾಡಿ ಅಂತ ತೋರಿಸ್ತು, ಒತ್ತಿದೆ. ಈಗ ಬರೀ ಬಿಳಿ ಪುಟ ಕಣ್ರೀ. ಎಲ್ಲ ಹೋಯ್ತು" ಎಂದರು. ದನಿ ನಡುಗುತ್ತಿತ್ತು. ಹೇಳಿಕೊಟ್ಟವರಲ್ಲಿ ಎಷ್ಟೋ ಜನ ಈಗ ಇಲ್ಲ, ಮತ್ತೆ ಕೇಳಿ ಬರೆಯುವಂತಿಲ್ಲ.

ಅಷ್ಟರಲ್ಲಾಗಲೇ ಅವರು ಮೂರು ಬಾಗಿಲು ತಟ್ಟಿದ್ದರು. ಹೋಸ್ಟಿಂಗ್ ಕಂಪನಿಯವರು ಪ್ಲಗಿನ್ ಬರೆದವರನ್ನು ಕೇಳಿ ಎಂದರು. ಪ್ಲಗಿನ್‌ನವರು ನಿಮ್ಮ ಥೀಮ್ ಹಳೆಯದು ಎಂದರು. ಥೀಮ್ ಹಾಕಿಕೊಟ್ಟಿದ್ದ ಹುಡುಗ ಕೆಲಸ ಬದಲಿಸಿ ಬೇರೆ ಊರಿಗೆ ಹೋಗಿದ್ದ.

ಅವರ ಬರಹದಲ್ಲಿ ಒಂದು ಅಕ್ಷರವೂ ಹೋಗಿರಲಿಲ್ಲ. ಗಂಟೆಯೊಳಗೆ ಬ್ಲಾಗ್ ಮೊದಲಿನಂತಾಯಿತು. ಆದರೆ ತಮ್ಮ ಬರಹ ಇರುವ ಜಾಗ ಯಾವುದೆಂದು ಹದಿಮೂರು ವರ್ಷದಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ, ಅದು ನನಗೆ ನೋವು ತಂದಿತು. ಅವರಿಗಿದ್ದದ್ದು ಬಾಯಿಂದ ಬಾಯಿಗೆ ಬಂದ ಕೆಲವು ನಂಬಿಕೆಗಳು ಮಾತ್ರ. ತಾಂತ್ರಿಕರ ನೆರವಿಲ್ಲದೆ ಬ್ಲಾಗ್ ನಡೆಸುವ ಬಹಳಷ್ಟು ಕನ್ನಡಿಗರಲ್ಲಿ ಇವೇ ನಂಬಿಕೆಗಳಿವೆ.

"ಅಪ್‌ಡೇಟ್ ಕೆಟ್ಟರೆ ಬರಹ ಅಳಿಸಿಹೋಗುತ್ತದೆ"

ನಮ್ಮದೇ ಹೋಸ್ಟಿಂಗ್‌ನಲ್ಲಿ ನಡೆಸುವ ವರ್ಡ್‌ಪ್ರೆಸ್ ಬ್ಲಾಗ್ ಒಂದೇ ವಸ್ತುವಲ್ಲ. ಲೇಖನ, ಪ್ರತಿಕ್ರಿಯೆ, ಸೆಟ್ಟಿಂಗ್ ಎಲ್ಲ ಡೇಟಾಬೇಸ್‌ನಲ್ಲಿ ಇರುತ್ತವೆ. ಫೋಟೋಗಳು, ಥೀಮ್, ಪ್ಲಗಿನ್‌ಗಳು ‘ಡಬ್ಲ್ಯೂಪಿ-ಕಂಟೆಂಟ್’ ಎಂಬ ಫೋಲ್ಡರಿನಲ್ಲಿ ಇರುತ್ತವೆ. ಉಳಿದದ್ದು ವರ್ಡ್‌ಪ್ರೆಸ್‌ನ ಸ್ವಂತ ಫೈಲುಗಳು. ವರ್ಡ್‌ಪ್ರೆಸ್ ಅಪ್‌ಡೇಟ್ ಆದಾಗ ಬದಲಾಗುವುದು ಮುಖ್ಯವಾಗಿ ಈ ಕೊನೆಯವು. ದೊಡ್ಡ ಆವೃತ್ತಿ ಬಂದಾಗ ಡೇಟಾಬೇಸ್‌ನ ಕೋಷ್ಟಕಗಳ ರಚನೆಯನ್ನೂ ಅದು ತಿದ್ದುವುದುಂಟು. ಹಾಗಾಗಿ ಬ್ಯಾಕಪ್ ಬೇಕೇ ಬೇಕು. ಆದರೆ ಪುಟ ಬಿಳಿಯಾದ ಮಾತ್ರಕ್ಕೆ ಲೇಖನ ಅಳಿಯಿತೆಂದು ಅರ್ಥವಲ್ಲ. ಪುಟ ಕಟ್ಟಿಕೊಡುವ ಪಿಎಚ್‌ಪಿ ಪ್ರೋಗ್ರಾಮ್ ಎಲ್ಲೋ ಒಂದು ಸಾಲಿನಲ್ಲಿ ಎಡವಿ ನಿಂತಿದೆ, ಅಷ್ಟೆ.

ಎಡವಿಸಿದ್ದು ಹೆಚ್ಚಿನ ಸಲ ಒಂದು ಪ್ಲಗಿನ್ ಆಗಿರುತ್ತದೆ. ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್ ತೆರೆದು, ಡಬ್ಲ್ಯೂಪಿ-ಕಂಟೆಂಟ್ ಒಳಗಿರುವ ಪ್ಲಗಿನ್ಸ್ ಫೋಲ್ಡರಿನ ಹೆಸರು ಬದಲಿಸಿ. ಪ್ಲಗಿನ್‌ಗಳೆಲ್ಲ ಒಟ್ಟಿಗೆ ನಿಷ್ಕ್ರಿಯವಾಗುತ್ತವೆ. ಬ್ಲಾಗ್ ಎದ್ದು ಕೂತರೆ ಒಳಗೆ ಹೋಗಿ ಪ್ಲಗಿನ್ಸ್ ಪುಟವನ್ನು ಒಮ್ಮೆ ತೆರೆಯಿರಿ, ಆಮೇಲೆ ಫೋಲ್ಡರಿನ ಹೆಸರನ್ನು ಮೊದಲಿನಂತೆ ಮಾಡಿ, ಒಂದೊಂದೇ ಪ್ಲಗಿನ್ ಚಾಲೂ ಮಾಡುತ್ತ ಬನ್ನಿ. ಎಲ್ಲಿ ಮತ್ತೆ ಬಿದ್ದಿತೋ ಅದೇ ಕಾರಣ. ಗಾಬರಿಯಲ್ಲಿ ಪ್ಲಗಿನ್ ಡಿಲೀಟ್ ಮಾಡಬೇಡಿ. ಡಿಲೀಟ್ ಮಾಡುವಾಗ ಕೆಲವು ಪ್ಲಗಿನ್‌ಗಳು ಡೇಟಾಬೇಸ್‌ನಲ್ಲಿರುವ ತಮ್ಮ ಮಾಹಿತಿಯನ್ನೂ ತೆಗೆದುಹಾಕುತ್ತವೆ.

2019ರ 5.2 ಆವೃತ್ತಿಯಿಂದ ಈಚೆಗೆ ವರ್ಡ್‌ಪ್ರೆಸ್ ಇಂಥ ಹೊತ್ತಿನಲ್ಲಿ ಬ್ಲಾಗಿನ ಒಡೆಯರಿಗೆ ಇಮೇಲ್ ಕಳಿಸಿ, ಒಳಗೆ ಬರಲು ಒಂದು ವಿಶೇಷ ಲಿಂಕ್ ಕೊಡುತ್ತದೆ. ಆದರೆ ನೀವು ಬದಲಿಸಿರದಿದ್ದರೆ ಆ ಇಮೇಲ್ ಹೋಗುವುದು ಬ್ಲಾಗ್ ಶುರುಮಾಡಿದ ದಿನ ಕೊಟ್ಟ ವಿಳಾಸಕ್ಕೆ. ಆ ವಿಳಾಸವನ್ನು ನೀವು ಈಗಲೂ ತೆರೆಯುತ್ತೀರಾ? ಸೆಟ್ಟಿಂಗ್ಸ್‌ಗೆ ಹೋಗಿ ಇವತ್ತೇ ನೋಡಿಕೊಳ್ಳಿ. ಕೆಲವೊಮ್ಮೆ ಡೇಟಾಬೇಸ್ ಸಂಪರ್ಕ ಆಗುತ್ತಿಲ್ಲ ಎಂಬ ಒಂಟಿ ಸಾಲು ಬರುತ್ತದೆ. ಆಗ ‘ಡಬ್ಲ್ಯೂಪಿ-ಕಾನ್ಫಿಗ್’ ಫೈಲಿನಲ್ಲಿರುವ ಡೇಟಾಬೇಸ್ ಹೆಸರು, ಬಳಕೆದಾರರ ಹೆಸರು, ಪಾಸ್‌ವರ್ಡ್, ಸರ್ವರ್ ವಿಳಾಸ ಈ ನಾಲ್ಕರಲ್ಲಿ ಯಾವುದೋ ತಾಳೆಯಾಗುತ್ತಿಲ್ಲ, ಇಲ್ಲವೇ ಡೇಟಾಬೇಸ್ ಸರ್ವರ್ ನಿಂತಿದೆ. ಆಗಲೂ ಬರಹ ಇದ್ದಲ್ಲೇ ಇರುತ್ತದೆ.

"ಅಕ್ಷರ ಕೆಟ್ಟು ಕಂಡರೆ ಫಾಂಟ್ ತೊಂದರೆ"

ಕನ್ನಡದವರಿಗೆ ಅತಿ ಹೆಚ್ಚು ನಷ್ಟ ಮಾಡಿರುವುದು ಈ ನಂಬಿಕೆ. ಇಂಗ್ಲಿಷ್ ಬ್ಲಾಗಿನವರನ್ನು ಅಕ್ಷರ ಕೆಡುವ ತೊಂದರೆ ಬಾಧಿಸುವುದು ಅಪರೂಪ, ಆದ್ದರಿಂದ ಇಂಗ್ಲಿಷಿನ ಸಹಾಯ ಪುಟಗಳಲ್ಲಿ ಇದಕ್ಕೆ ಉತ್ತರ ಹುಡುಕಿ ಸೋತವರು ಅನೇಕರು.

ಅಕ್ಷರ ಕೆಡುವುದು ಒಂದೇ ರೀತಿಯಲ್ಲಲ್ಲ. ಖಾಲಿ ಚೌಕಗಳು ಕಂಡರೆ ಅದು ನಿಜಕ್ಕೂ ಫಾಂಟಿನ ವಿಷಯ. ನೋಡುವವರ ಯಂತ್ರದಲ್ಲಿ ಕನ್ನಡ ಅಕ್ಷರರೂಪ ಇಲ್ಲ, ಬರಹ ಕ್ಷೇಮ. ಹಳೆಯ ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದ ಲೇಖನಗಳಾದರೆ, ಥೀಮ್ ಬದಲಾದೊಡನೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಅದನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತರಬಹುದು.

ಮೂರನೆಯ ಬಗೆಯಲ್ಲಿ, ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ ಎ ಅಕ್ಷರ, ಅದರ ಪಕ್ಕ ಮೇಲಕ್ಕೇರಿ ಕೂತ ಪುಟ್ಟ ಎರಡೋ ಮೂರೋ, ಮತ್ತೆ ಅದೇ ಎ, ಸಾಲು ಸಾಲಾಗಿ. ಇದು ಬರುವುದಕ್ಕೆ ಕಾರಣ ಗೊತ್ತಾದರೆ ಭಯ ಅರ್ಧ ಕಡಿಮೆಯಾಗುತ್ತದೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಕಾಗುಣಿತದ ಗುರುತು, ಅರ್ಧಾಕ್ಷರ ಮಾಡುವ ಚಿಹ್ನೆ, ಸೊನ್ನೆ ಎಲ್ಲಕ್ಕೂ ಮೂರು ಮೂರು. ‘ಸಂಸ್ಕೃತಿ’ ಎಂದು ಬರೆದರೆ ಎಂಟು ಚಿಹ್ನೆ, ಇಪ್ಪತ್ತನಾಲ್ಕು ಬೈಟ್. ಹಳೆಯ ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗಳು ಬೇರೆ ಹೇಳದಿದ್ದರೆ ಲ್ಯಾಟಿನ್-1 ಎಂಬ, ಒಂದು ಬೈಟಿಗೆ ಒಂದೇ ಅಕ್ಷರದ ಯುರೋಪಿಯನ್ ಲಿಪಿಪಟ್ಟಿ ಹಿಡಿಯುತ್ತಿದ್ದವು. ಹಳೆಯ ವರ್ಡ್‌ಪ್ರೆಸ್ ಕನ್ನಡದ ಬೈಟುಗಳನ್ನು ಹಾಗೇ ಒಳಗಿಟ್ಟು ಹಾಗೇ ಹೊರಗೆ ಕೊಡುತ್ತಿತ್ತು. ನಡುವೆ ಯಾರೂ ಅನುವಾದಿಸದ ಕಾರಣ ಎಲ್ಲ ಚೆನ್ನಾಗಿ ಕಾಣುತ್ತಿತ್ತು. 2007ರ 2.2 ಆವೃತ್ತಿಯಲ್ಲಿ, ಡೇಟಾಬೇಸ್ ಜೊತೆ ಯಾವ ಲಿಪಿಪಟ್ಟಿಯಲ್ಲಿ ಮಾತಾಡಬೇಕೆಂದು ಹೇಳುವ ಸಾಲೊಂದು ಕಾನ್ಫಿಗ್ ಫೈಲಿಗೆ ಸೇರಿತು. ಹಳೆಯ ಬ್ಲಾಗಿಗೆ ಹೊಸ ಮಾದರಿಯ ಕಾನ್ಫಿಗ್ ಫೈಲ್ ಹಾಕಿದರೆ ಅಥವಾ ಹೋಸ್ಟಿಂಗ್ ಬದಲಿಸುವಾಗ ಯಾರಾದರೂ ಹಾಕಿದರೆ, ಡೇಟಾಬೇಸ್ ಆ ಮೂರು ಬೈಟುಗಳನ್ನು ಮೂರು ಬೇರೆ ಬೇರೆ ಯುರೋಪಿಯನ್ ಅಕ್ಷರಗಳೆಂದು ತಿಳಿದು ಅನುವಾದಿಸಿ ಕೊಡುತ್ತದೆ. ಕನ್ನಡದ ಮೊದಲ ಬೈಟ್ ಯಾವಾಗಲೂ ಒಂದೇ. ಆದ್ದರಿಂದಲೇ ಅದೇ ಎ ಮತ್ತೆ ಮತ್ತೆ ಕಾಣುವುದು.

ಇದು ನೋಡಲು ಭೀಕರ, ಆದರೆ ಬೈಟುಗಳೆಲ್ಲ ಜೀವಂತವಾಗಿವೆ. ಕಾನ್ಫಿಗ್‌ನ ಆ ಸಾಲನ್ನು ಹಿಂದಿದ್ದಂತೆ ಮಾಡಿದರೆ ಕನ್ನಡ ಮರಳಿ ಬರುತ್ತದೆ. ಶಾಶ್ವತ ಪರಿಹಾರ ಬೇಕೆಂದರೆ, ಡೇಟಾಬೇಸ್‌ನ ಒಂದು ಪ್ರತಿಯನ್ನು ಲ್ಯಾಟಿನ್-1 ಎಂದು ಹೇಳಿ ಹೊರತೆಗೆದು, ಅದೇ ಫೈಲನ್ನು ಯುಟಿಎಫ್-8 ಎಂದು ಹೇಳಿ ಹೊಸ ಡೇಟಾಬೇಸ್‌ಗೆ ತುಂಬಬೇಕು. ಮೂಲವನ್ನು ಮುಟ್ಟಬಾರದು.

ನಾಲ್ಕನೆಯದು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ನಾನು ಹೆದರುವುದು ಇದಕ್ಕೆ. ಲ್ಯಾಟಿನ್-1ರಲ್ಲಿ ಜಾಗವೇ ಇಲ್ಲದ ಕನ್ನಡವನ್ನು ಅದಕ್ಕೆ ಅನುವಾದಿಸಲು ಹೋದಾಗ ಡೇಟಾಬೇಸ್ ಒಂದೊಂದು ಚಿಹ್ನೆಗೂ ಒಂದೊಂದು ಪ್ರಶ್ನಾರ್ಥಕ ಇಡುತ್ತದೆ. ಓದುವಾಗ ಮಾತ್ರ ಹಾಗಾಗುತ್ತಿದ್ದರೆ ಒಳಗಿನ ಬರಹ ಕ್ಷೇಮ. ಆದರೆ ಗಾಬರಿಯಾಗಿ ಆ ಲೇಖನವನ್ನು ತಿದ್ದಲು ತೆರೆದು ‘ಸೇವ್’ ಒತ್ತಿದರೆ, ಪ್ರಶ್ನಾರ್ಥಕಗಳೇ ಡೇಟಾಬೇಸ್‌ಗೆ ಸೇರುತ್ತವೆ, ಕೆಳಗಿದ್ದ ಕನ್ನಡ ಹೋಗುತ್ತದೆ. ಅಲ್ಲಿಂದ ಅದನ್ನು ಮರಳಿ ಪಡೆಯುವ ಯಾವ ಪರಿವರ್ತಕವೂ ಇಲ್ಲ. ಹಾಗಾಗಿ ಕೈಮುಗಿದು ಕೇಳುವುದು ಇಷ್ಟೇ: ಅಕ್ಷರ ಕೆಟ್ಟು ಕಂಡ ಕ್ಷಣದಿಂದ ಏನನ್ನೂ ಸೇವ್ ಮಾಡಬೇಡಿ, ಒಂದು ಅಲ್ಪವಿರಾಮ ತಿದ್ದುವುದಕ್ಕೂ.

ಇದೇ ಮಾತಿಗೆ ಸೇರಿದ ಇನ್ನೊಂದು. ಮೈಎಸ್‌ಕ್ಯೂಎಲ್‌ನ ಹಳೆಯ ‘ಯುಟಿಎಫ್8’ ಒಂದು ಚಿಹ್ನೆಗೆ ಮೂರು ಬೈಟಿನವರೆಗೆ ಮಾತ್ರ ಜಾಗ ಕೊಡುತ್ತಿತ್ತು. ಕನ್ನಡಕ್ಕೆ ಅದು ಸಾಕು. ಎಮೋಜಿಗೆ ನಾಲ್ಕು ಬೇಕು. ಲೇಖನದ ನಡುವೆ ಒಂದು ನಗುಮುಖ ಹಾಕಿದ್ದಕ್ಕೆ ಅಲ್ಲಿಂದ ಮುಂದಿನ ಬರಹವೆಲ್ಲ ಕತ್ತರಿಸಿಹೋದ ಉದಾಹರಣೆಗಳಿವೆ. 2015ರ 4.2 ಆವೃತ್ತಿ ಕೋಷ್ಟಕಗಳನ್ನು ನಾಲ್ಕು ಬೈಟಿನ ಪದ್ಧತಿಗೆ ತಾನೇ ಬದಲಿಸಿತು. ಅಪ್‌ಡೇಟ್ ಮಾಡಿಕೊಳ್ಳಲು ಇದೂ ಒಂದು ಕಾರಣ.

"ಚೆನ್ನಾಗಿ ನಡೆಯುತ್ತಿದ್ದರೆ ಮುಟ್ಟಬಾರದು"

ಒಮ್ಮೆ ಪೆಟ್ಟು ತಿಂದವರು ಹೀಗೆ ನಿರ್ಧರಿಸುವುದು ಸಹಜ. ಆದರೆ 2017ರ ಆರಂಭದಲ್ಲಿ ಏನಾಯಿತು ನೋಡಿ. 4.7 ಮತ್ತು 4.7.1 ಆವೃತ್ತಿಗಳಲ್ಲಿ, ಪಾಸ್‌ವರ್ಡ್ ಇಲ್ಲದೆಯೇ ಬೇರೆಯವರ ಲೇಖನ ತಿದ್ದಬಹುದಾದ ತೂತು ಇತ್ತು. ಜನವರಿ 26ರಂದು 4.7.2 ಬಂದು ಅದನ್ನು ಮುಚ್ಚಿತು. ತೂತು ಇತ್ತೆಂಬುದನ್ನು ವರ್ಡ್‌ಪ್ರೆಸ್ ಬಹಿರಂಗಪಡಿಸಿದ್ದು ಸುಮಾರು ಒಂದು ವಾರ ತಡೆದು, ಅಷ್ಟರಲ್ಲಿ ಎಲ್ಲರೂ ಅಪ್‌ಡೇಟ್ ಆಗಲಿ ಎಂದು. ಆಮೇಲಿನ ದಿನಗಳಲ್ಲಿ ಲಕ್ಷಾಂತರ ಪುಟಗಳ ಮೇಲೆ ಯಾರ್ಯಾರೋ ತಮ್ಮ ಹೆಸರು ಗೀಚಿಹೋದರು. ಸ್ವಯಂ ಅಪ್‌ಡೇಟ್ ಚಾಲೂ ಇಟ್ಟಿದ್ದವರು ಬಚಾವಾದರು, ಅದನ್ನು ಮುಚ್ಚಿಟ್ಟಿದ್ದವರು ಪೆಟ್ಟು ತಿಂದರು.

ಮುಟ್ಟದೆ ಬಿಟ್ಟರೂ ನಮ್ಮ ಕಾಲಡಿಯ ನೆಲ ಬದಲಾಗುತ್ತದೆ. ಹೋಸ್ಟಿಂಗ್‌ನವರು ಪಿಎಚ್‌ಪಿ ಆವೃತ್ತಿಯನ್ನು ಏರಿಸುತ್ತ ಹೋಗುತ್ತಾರೆ, ಏರಿಸಲೇಬೇಕು. ಪಿಎಚ್‌ಪಿ 5.6ಕ್ಕೆ ಭದ್ರತಾ ಬೆಂಬಲ 2018ರ ಕೊನೆಗೆ, 7.4ಕ್ಕೆ 2022ರ ನವೆಂಬರಿಗೆ ಮುಗಿಯಿತು. ಪಿಎಚ್‌ಪಿ 7ರಲ್ಲಿ ಡೇಟಾಬೇಸ್ ಜೊತೆ ಮಾತಾಡುವ ಹಳೆಯ ವಿಧಾನವನ್ನೇ ತೆಗೆದುಹಾಕಿದರು. ಆದ್ದರಿಂದ 2014ರ 3.9ಕ್ಕಿಂತ ಹಿಂದಿನ ವರ್ಡ್‌ಪ್ರೆಸ್ ಅದರ ಮೇಲೆ ಏಳುವುದೇ ಇಲ್ಲ. ಇತ್ತ ಹೊಸ ವರ್ಡ್‌ಪ್ರೆಸ್ ಹಳೆಯ ಪಿಎಚ್‌ಪಿ ಮೇಲೆ ಏಳುವುದಿಲ್ಲ. ಬಹಳ ವರ್ಷ ಸುಮ್ಮನಿದ್ದವರು ಸಿಕ್ಕಿಬೀಳುವುದು ಈ ಎರಡರ ನಡುವೆ.

ದಾಟಲು ದಾರಿಯಿದೆ. ವರ್ಡ್‌ಪ್ರೆಸ್ 6.2 ಪಿಎಚ್‌ಪಿ 5.6ರ ಕೊನೆಯ ಉಪ ಆವೃತ್ತಿಗಳ ಮೇಲೂ ನಡೆಯುತ್ತದೆ. 6.3ರಿಂದ ಮುಂದೆ ನಡೆಯುವುದಿಲ್ಲ. ಹೋಸ್ಟಿಂಗ್‌ನಲ್ಲಿ 5.6 ಸಿಗುವುದಾದರೆ ಅದನ್ನೇ ಸೇತುವೆ ಮಾಡಿಕೊಂಡು, ಮೊದಲು ವರ್ಡ್‌ಪ್ರೆಸ್ ಅನ್ನು 6.2ಕ್ಕೆ ಏರಿಸಿ, ಆಮೇಲೆ ಪಿಎಚ್‌ಪಿಯನ್ನು 7.4ಕ್ಕೆ ಏರಿಸಿ, ಅಲ್ಲಿಂದ ಹೊಸ ವರ್ಡ್‌ಪ್ರೆಸ್‌ಗೆ ಹೋಗಬಹುದು. ಹಳೆಯ ಆವೃತ್ತಿಗಳೆಲ್ಲ ವರ್ಡ್‌ಪ್ರೆಸ್‌ನ ಸ್ವಂತ ತಾಣದಲ್ಲೇ ಸಿಗುತ್ತವೆ. ಪ್ರತಿ ಹೆಜ್ಜೆಗೂ ಒಂದು ಬ್ಯಾಕಪ್ ತೆಗೆಯಿರಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಕೆಟ್ಟದ್ದು ಯಾವುದೆಂದು ಪರಿಣತರಿಗೂ ಹೇಳಲಾಗದು. ಸೇತುವೆಯ ಮೇಲೆ ಮನೆ ಕಟ್ಟಬೇಡಿ, ಭದ್ರತೆ ಮುಗಿದ ಆವೃತ್ತಿಯಲ್ಲಿ ದಾಟುವಷ್ಟು ಹೊತ್ತು ಮಾತ್ರ ಇರಿ.

"ಎಲ್ಲ ತಾನಾಗಿಯೇ ಅಪ್‌ಡೇಟ್ ಆಗುತ್ತದೆ"

ಹಳೆಯ ಬ್ಲಾಗುಗಳಲ್ಲಿ 2013ರ 3.7ರಿಂದ ತಾನಾಗಿ ಆಗುತ್ತ ಬಂದಿರುವುದು ಚಿಕ್ಕ ಅಪ್‌ಡೇಟ್‌ಗಳು. ಚಿಕ್ಕದು ಯಾವುದೆಂದು ತಿಳಿಯಲು ಮೂರನೆಯ ಅಂಕಿ ನೋಡಿ. 6.4ರಿಂದ 6.4.1 ಚಿಕ್ಕದು. 6.4ರಿಂದ 6.5 ದೊಡ್ಡದು, 4.9ರಿಂದ 5.0 ಎಷ್ಟು ದೊಡ್ಡದೋ ಲೆಕ್ಕಕ್ಕೆ ಅಷ್ಟೇ ದೊಡ್ಡದು. ಪ್ಲಗಿನ್, ಥೀಮ್‌ಗಳಿಗೆ ಸ್ವಯಂ ಅಪ್‌ಡೇಟ್ ಬೇಕೆಂದರೆ ನಾವೇ ಒಂದೊಂದಕ್ಕೂ ಚಾಲೂ ಮಾಡಬೇಕು. ಥೀಮ್‌ನ ಫೈಲುಗಳನ್ನೇ ನೇರವಾಗಿ ತಿದ್ದಿಕೊಂಡವರು ಎಚ್ಚರವಾಗಿರಬೇಕು. ಥೀಮ್ ಅಪ್‌ಡೇಟ್ ಆದರೆ ಆ ತಿದ್ದುಪಡಿಗಳು ಹೋಗುತ್ತವೆ. ತಿದ್ದುಪಡಿಯನ್ನು ‘ಚೈಲ್ಡ್ ಥೀಮ್’ ಒಳಗೆ ಇಟ್ಟರೆ ಉಳಿಯುತ್ತದೆ.

"ಎಕ್ಸ್‌ಪೋರ್ಟ್ ಮಾಡಿಟ್ಟಿದ್ದೇನೆ, ಅದೇ ಬ್ಯಾಕಪ್"

ಅಲ್ಲ. ಟೂಲ್ಸ್‌ನಲ್ಲಿ ಸಿಗುವ ಎಕ್ಸ್‌ಪೋರ್ಟ್ ಫೈಲಿನಲ್ಲಿ ಲೇಖನ, ಪ್ರತಿಕ್ರಿಯೆಗಳಿರುತ್ತವೆ. ಫೋಟೋಗಳ ವಿಳಾಸ ಇರುತ್ತದೆ, ಫೋಟೋ ಇರುವುದಿಲ್ಲ. ಹಳೆಯ ಹೋಸ್ಟಿಂಗ್ ಮುಚ್ಚಿದ ಮೇಲೆ ಆ ವಿಳಾಸಗಳು ಯಾವ ಚಿತ್ರಕ್ಕೂ ಕೊಂಡೊಯ್ಯುವುದಿಲ್ಲ. ಡೇಟಾಬೇಸ್‌ನ ಪ್ರತಿ, ಡಬ್ಲ್ಯೂಪಿ-ಕಂಟೆಂಟ್ ಫೋಲ್ಡರ್, ಕಾನ್ಫಿಗ್ ಫೈಲ್ ಮೂರೂ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಇರಬೇಕು. ಡೇಟಾಬೇಸ್ ಪ್ರತಿಯನ್ನು ಇಳಿಸಿಕೊಂಡ ಮೇಲೆ ನೋಟ್‌ಪ್ಯಾಡಿನಲ್ಲಿ ತೆರೆದು ಕನ್ನಡ ಕಾಣುತ್ತದೆಯೇ ನೋಡಿ. ಅಲ್ಲೇ ಪ್ರಶ್ನಾರ್ಥಕಗಳಿದ್ದರೆ ಅದು ಬ್ಯಾಕಪ್ ಅಲ್ಲ.

"ಅಪ್‌ಡೇಟ್ ಆದ ಮೇಲೆ ಲಿಂಕುಗಳೆಲ್ಲ ಸತ್ತವು"

ಮುಖಪುಟ ಬರುತ್ತದೆ, ಒಳಪುಟ ಯಾವುದೂ ಸಿಗುವುದಿಲ್ಲ ಎಂದಾದರೆ, ಸೆಟ್ಟಿಂಗ್ಸ್‌ನಲ್ಲಿ ಪರ್ಮಾಲಿಂಕ್ಸ್ ತೆರೆದು ಏನನ್ನೂ ಬದಲಿಸದೆ ಸೇವ್ ಒತ್ತಿ. ವಿಳಾಸದ ನಿಯಮಗಳು ಹೊಸದಾಗಿ ಬರೆಯಲ್ಪಡುತ್ತವೆ, ಬಹಳಷ್ಟು ಸಲ ಇಷ್ಟೇ ಸಾಕಾಗುತ್ತದೆ.

ಕನ್ನಡ ಶೀರ್ಷಿಕೆಯ ವಿಳಾಸಗಳಿಗೆ ಮಾತ್ರ ಇನ್ನೊಂದು ತೊಡಕಿದೆ. ವಿಳಾಸದೊಳಗೆ ಕನ್ನಡದ ಒಂದು ಚಿಹ್ನೆ ಶೇಕಡಾ ಗುರುತುಗಳೊಡನೆ ಒಂಬತ್ತು ಅಕ್ಷರವಾಗುತ್ತದೆ. ಡೇಟಾಬೇಸ್‌ನಲ್ಲಿ ಆ ಜಾಗಕ್ಕಿರುವ ಮಿತಿ ಇನ್ನೂರು. ಅಂದರೆ ಇಪ್ಪತ್ತೆರಡು ಚಿಹ್ನೆಗೆ ವಿಳಾಸ ಮುಗಿಯುತ್ತದೆ, ನಾಲ್ಕನೆಯ ಪದ ಅರ್ಧಕ್ಕೆ ತುಂಡಾಗುವುದು ಇದರಿಂದ. ಅದು ಅಪ್‌ಡೇಟ್‌ನಿಂದ ಆದದ್ದಲ್ಲ, ಪ್ರಕಟಿಸಿದ ದಿನವೇ ಆದದ್ದು. ಹಳೆಯ ಲೇಖನಗಳ ವಿಳಾಸವನ್ನು ಹಾಗೇ ಬಿಡಿ, ಯಾರೋ ತಮ್ಮ ಪುಸ್ತಕದ ಅಡಿಟಿಪ್ಪಣಿಯಲ್ಲಿ ಅದನ್ನೇ ಕೊಟ್ಟಿರಬಹುದು. ಹೊಸ ಲೇಖನಗಳಿಗೆ ಎರಡು ಪದದ ಚಿಕ್ಕ ವಿಳಾಸ ಕೈಯಾರೆ ಕೊಟ್ಟರಾಯಿತು.

ತೀರ್ಥಹಳ್ಳಿಯ ಮೇಡಂ ಬ್ಲಾಗಿನಲ್ಲಿ ಎಡವಿದ್ದು ಫೋಟೋ ಗ್ಯಾಲರಿಯ ಒಂದು ಪ್ಲಗಿನ್. ಅದರ ಹೊಸ ಆವೃತ್ತಿಗೆ ಅವರ ಹೋಸ್ಟಿಂಗ್‌ನ ಪಿಎಚ್‌ಪಿ ಹಳೆಯದಾಗಿತ್ತು. ಫೋನಿನಲ್ಲೇ ಹೇಳುತ್ತ ಹೋದೆ, ಫೋಲ್ಡರಿನ ಹೆಸರು ಬದಲಿಸಿದ್ದು ಅವರೇ. ಮುಖಪುಟ ಬಂದಾಗ ಅವರು ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದು ಹಳ್ಳದ ಹೆಸರಿನ ಲೇಖನ ತೆರೆದು, ಅದನ್ನು ಹೇಳಿಕೊಟ್ಟ ಅಜ್ಜಿಯ ಮಾತಿದ್ದ ಭಾಗವನ್ನು ನನಗೆ ಓದಿ ಹೇಳಿದರು. ಮರುದಿನ ಬೆಳಿಗ್ಗೆ ಡೇಟಾಬೇಸ್ ಪ್ರತಿ ಇಳಿಸಿಕೊಂಡು, ನೋಟ್‌ಪ್ಯಾಡಿನಲ್ಲಿ ತೆರೆದು ಮತ್ತೆ ಫೋನ್ ಮಾಡಿದರು. "ಕನ್ನಡ ಕಾಣ್ತಿದೆ ಕಣ್ರೀ" ಎಂದರು.