ತಗ್ಗಿಸಿದ ಪಿಕಪ್ಪಿಗೆ ಡಿಸ್ಕ್ ಬ್ರೇಕಿನ ಅಚ್ಚು

ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಬೆಳೆದ ಯುವಕರ ಹವ್ಯಾಸಗಳು ಊರಿನಲ್ಲಿರುವ ಅಜ್ಜ ಅಜ್ಜಿಯರಿಗೆ ಒಗಟಿನಂತೆ ತೋರುವುದು ಸಹಜ. ಹಳೆಯ ಪಿಕಪ್ ಟ್ರಕ್ಕೊಂದನ್ನು ಕೊಂಡು, ನೆಲಕ್ಕೆ ತಾಗುವುದೇನೋ ಎಂಬಷ್ಟು ತಗ್ಗಿಸಿ, ಮನೆಯ ಗ್ಯಾರೇಜಿನಲ್ಲಿಯೇ ಅದರ ಕೆಲಸಕ್ಕೆ ಕೂಡುವುದು ಅಂಥದೊಂದು ಹವ್ಯಾಸ. ತಗ್ಗು ವಾಹನಗಳ ಈ ಅಭಿರುಚಿಯನ್ನು ಕ್ಯಾಲಿಫೋರ್ನಿಯಾದಲ್ಲಿ ಪೋಷಿಸಿದವರಲ್ಲಿ ಮೆಕ್ಸಿಕೋ ಮೂಲದವರು ಪ್ರಮುಖರು. ಇಂಥ ವಾಹನಗಳ ಮೇಲೆ ಆ ರಾಜ್ಯದ ಕಾಯಿದೆ ದಶಕಗಳ ಕಾಲ ಹೇರಿದ್ದ ನಿರ್ಬಂಧವು 2024 ರ ಜನವರಿಯಿಂದ ರದ್ದಾಗಿದೆ. ಆದುದರಿಂದ ತಗ್ಗಿಸುವುದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ತಗ್ಗಿಸಿದ ಬಂಡಿ ಹೇಗೆ ನಿಲ್ಲುತ್ತದೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಫೋರ್ಡ್ ಕಂಪನಿಯ ರೇಂಜರ್ ಇಂಥ ಪಿಕಪ್ಪುಗಳಲ್ಲೊಂದು. 1983 ರ ಮಾದರಿಯಿಂದ ಮೊದಲ್ಗೊಂಡು 2009 ರವರೆಗೂ ಅದರ ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕುಗಳೇ ಇದ್ದವು. ಡಿಸ್ಕ್ ಬಂದದ್ದು 2010 ರಲ್ಲಿ. ಆದರೆ ಅದೇ ಕಂಪನಿಯ ಎಕ್ಸ್‌ಪ್ಲೋರರ್ ಕಾರಿಗೆ 1995 ರಿಂದಲೇ ಹಿಂದೆಯೂ ಡಿಸ್ಕ್ ಇದ್ದಿತು. ಎರಡರ ಚಕ್ರಗಳಿಗೂ ನಾಲ್ಕೂವರೆ ಅಂಗುಲದ ವೃತ್ತದ ಮೇಲೆ ಐದು ಬೋಲ್ಟು. ಸಣ್ಣ ಎಂಜಿನ್ನಿನ ರೇಂಜರ್‌ಗಳಿಗೆ 7.5 ಅಂಗುಲ ವ್ಯಾಸದ ಹಲ್ಲುಗಾಲಿಯಿದ್ದರೆ ಎಕ್ಸ್‌ಪ್ಲೋರರ್‌ನ ಅಚ್ಚಿನಲ್ಲಿರುವುದು 8.8 ಅಂಗುಲದ್ದು. ಹೀಗಾಗಿ ಗುಜರಿ ಅಂಗಳಕ್ಕೆ ಹೋಗಿ, ಬೇಕಾದುದನ್ನು ತಾವೇ ಬಿಚ್ಚಿಕೊಂಡು, ಇಡೀ ಅಚ್ಚನ್ನು ಹೊತ್ತು ತರುವ ರೂಢಿ ಬೆಳೆದಿದೆ.

ತಗ್ಗಿಸಿದ ಬಂಡಿಗೆ ಇದರಲ್ಲೊಂದು ಅನುಕೂಲವೂ ಇದೆ. ರೇಂಜರ್ ಕಾರ್ಖಾನೆಯಿಂದ ಬರುವಾಗ ಹಿಂದಿನ ಅಚ್ಚು ಲೀಫ್ ಸ್ಪ್ರಿಂಗಿನ ಕೆಳಗೆ ಇರುತ್ತದೆ. ಅಚ್ಚನ್ನು ಸ್ಪ್ರಿಂಗಿನ ಮೇಲಕ್ಕೆ ಏರಿಸಿದರೆ ಬಂಡಿಯ ಹಿಂಭಾಗ ಅಷ್ಟು ಕೆಳಗಿಳಿಯುತ್ತದೆ. ತಗ್ಗಿಸುವ ವಿಧಾನಗಳಲ್ಲಿ ಇದೂ ಒಂದು. ಎಕ್ಸ್‌ಪ್ಲೋರರ್‌ನ ಅಚ್ಚಾದರೋ ಮೊದಲಿನಿಂದಲೂ ಸ್ಪ್ರಿಂಗಿನ ಮೇಲೆಯೇ ಕೂಡುವಂಥದು. ಎತ್ತರದ ರೇಂಜರ್‌ಗೆ ಕೂಡಿಸುವವರು ಸ್ಪ್ರಿಂಗು ಕೂಡುವ ಪೀಠಗಳನ್ನು ಮೇಲ್ಭಾಗಕ್ಕೆ ಬೆಸೆಯಬೇಕಾಗುತ್ತದೆ. ಹೀಗೆ ತಗ್ಗಿಸಿದವರಿಗೆ ಅವು ಬೇಕಾದ ಬದಿಯಲ್ಲಿಯೇ ದೊರೆಯುತ್ತವೆ. ಆದರೂ ಅಳತೆ, ಕೋನಗಳನ್ನು ಬಂಡಿಯ ಭಾರ ಚಕ್ರಗಳ ಮೇಲಿರುವಾಗಲೇ ನೋಡಬೇಕು. ಎಂಜಿನ್ನಿನಿಂದ ಬರುವ ಷಾಫ್ಟಿಗೂ ಅಚ್ಚಿನ ಮೂತಿಗೂ ಕೋನ ಹೊಂದದಿದ್ದರೆ ಬಂಡಿ ನಡುಗುತ್ತದೆ, ಷಾಫ್ಟಿನ ಕೀಲುಗಳು ಬೇಗ ಸವೆಯುತ್ತವೆ. ಅಚ್ಚು ಮೇಲೇರಿದಾಗ ಚಾಸಿಗೆ ಬಡಿಯದಂತೆ ಚಾಸಿಯಲ್ಲಿ ಕಚ್ಚು ತೆಗೆದು, ಆ ಜಾಗವನ್ನು ದಪ್ಪ ಉಕ್ಕಿನಿಂದ ಬಲಪಡಿಸಬೇಕು. ಬ್ರೇಕಿನ ರಬ್ಬರ್ ಕೊಳವೆ ಅಚ್ಚಿನ ಏರಿಳಿತಕ್ಕೆ ಸಾಲುವಷ್ಟು ಉದ್ದವಿದೆಯೇ, ಟೈರು ಎಲ್ಲಾದರೂ ಉಜ್ಜುತ್ತದೆಯೇ ಎಂಬುದೂ ಕಣ್ಣಿಗೆ ಬೀಳಬೇಕಾದ ಸಂಗತಿಗಳು.

ಇನ್ನು ಬ್ರೇಕಿನ ವಿಚಾರ. ಡಿಸ್ಕ್ ಹಾಕಿದೊಡನೆ ಬಂಡಿ ಅರ್ಧ ದೂರದಲ್ಲಿ ನಿಲ್ಲುತ್ತದೆಂಬ ನಂಬಿಕೆ ಹುಡುಗರಲ್ಲಿ ಉಂಟು. ಅದು ನಿಜವಲ್ಲ. ಬ್ರೇಕು ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಮುಂದಿನ ಚಕ್ರಗಳೇ ಹೆಚ್ಚಿನ ಕೆಲಸ ಮಾಡುತ್ತವೆ. ಸರಕಿಲ್ಲದ ಪಿಕಪ್ಪಿನ ಹಿಂಭಾಗ ಮೊದಲೇ ಹಗುರ. ಅಲ್ಲಿ ಬ್ರೇಕು ಅತಿಯಾದರೆ ಹಿಂದಿನ ಚಕ್ರಗಳು ಮೊದಲು ಕಟ್ಟಿಹೋಗಿ, ಒದ್ದೆ ರಸ್ತೆಯಲ್ಲಿ ಬಂಡಿಯ ಬಾಲ ಮುಂದಕ್ಕೆ ತಿರುಗಿಬಿಡುತ್ತದೆ. ಎದುರಿನಿಂದ ಬರುವವರ ಪ್ರಾಣವೂ ಇದರಲ್ಲಿದೆ. ಡಿಸ್ಕಿನ ಗುಣಗಳು ಬೇರೆ: ಶಾಖ ಬೇಗ ಆರುತ್ತದೆ, ನೀರಿನಲ್ಲಿ ನೆನೆದರೂ ಬೇಗ ಹಿಡಿತಕ್ಕೆ ಬರುತ್ತದೆ, ಪ್ಯಾಡು ಬದಲಿಸುವುದು ಸುಲಭ.

ಡ್ರಮ್ಮಿನೊಳಗೆ ಚಕ್ರದ ತಿರುಗುವಿಕೆಯೇ ಶೂವನ್ನು ಎಳೆದು ಒತ್ತಿಕೊಳ್ಳುತ್ತದೆ. ಡಿಸ್ಕಿಗೆ ಆ ನೆರವಿಲ್ಲ, ದ್ರವದ ಒತ್ತಡವೊಂದೇ ಆಧಾರ. ಕೆಲವು ಹಳೆಯ ವಾಹನಗಳಲ್ಲಿ ಡ್ರಮ್ಮಿನ ಸಲುವಾಗಿ ಕೊಳವೆಯಲ್ಲಿ ತುಸು ಒತ್ತಡ ಉಳಿಸುವ ಕವಾಟವಿರುತ್ತದೆ. ಅದು ಹಾಗೆಯೇ ಉಳಿದರೆ ಡಿಸ್ಕು ಸದಾ ಉಜ್ಜಿಕೊಂಡು ಕಾಯುತ್ತದೆ. ಮುಂದು ಹಿಂದಿನ ಪಾಲನ್ನು ಹೊಂದಿಸುವ ಕವಾಟವನ್ನು ಸರಿಪಡಿಸದೆ ಈ ಕೆಲಸ ಮುಗಿಯಿತೆನ್ನಲಾಗದು. ಅಚ್ಚು ಕೂಡಿಸಲು ತೋರಿದ ಉತ್ಸಾಹದ ಅರ್ಧದಷ್ಟನ್ನೂ ಇದಕ್ಕೆ ತೋರದವರೇ ಹೆಚ್ಚೆಂಬುದು ನಮ್ಮ ಅನಿಸಿಕೆ.

ನಾವು ಹ್ಯಾಂಡ್ ಬ್ರೇಕು ಎನ್ನುವುದನ್ನೂ ಮರೆಯಬಾರದು. ಎಕ್ಸ್‌ಪ್ಲೋರರ್‌ನಲ್ಲಿ ಅದಕ್ಕಾಗಿ ಡಿಸ್ಕಿನ ನಡುವಿನ ಟೊಪ್ಪಿಯೊಳಗೇ ಚಿಕ್ಕ ಡ್ರಮ್ ಬ್ರೇಕೊಂದು ಅಡಗಿದೆ. ಗುಜರಿಯ ಅಚ್ಚಿನಲ್ಲಿ ಅದರ ಶೂಗಳು ತುಕ್ಕು ಹಿಡಿದಿರಬಹುದು. ತಂತಿಯ ಉದ್ದವೂ ಹೊಂದದಿರಬಹುದು. ಮಗನು ಅಚ್ಚು ಬದಲಿಸಿದೆನೆಂದು ಹೆಮ್ಮೆಯಿಂದ ತೋರಿಸಿದಾಗ ತಂದೆತಾಯಿಗಳು ಮೊದಲು ಕೇಳಬೇಕಾದದ್ದು, ಇಳಿಜಾರಿನಲ್ಲಿ ಗೇರಿಲ್ಲದೆ ಇದು ನಿಲ್ಲುತ್ತದೆಯೇ ಎಂದು.

ಇಲ್ಲಿಯ ಹುಡುಗರು ಇದನ್ನೋದಿ ಊರಿನ ಗ್ಯಾರೇಜಿಗೆ ಓಡುವುದು ಬೇಡ. ನಮ್ಮ ದೇಶದಲ್ಲಿ 1988 ರ ಮೋಟಾರು ವಾಹನ ಕಾಯಿದೆಯ 52 ನೆಯ ಕಲಮು ತಯಾರಕರ ವಿವರಗಳಿಗೆ ಹೊರತಾದ ಮಾರ್ಪಾಟುಗಳನ್ನು ನಿರ್ಬಂಧಿಸುತ್ತದೆ. 2019 ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ.

ಅಲ್ಲಿ ಈ ಕೆಲಸಕ್ಕೆ ಕೈಹಾಕುವವರು ಬಂಡಿಯನ್ನು ಜಾಕಿನ ಮೇಲಷ್ಟೇ ನಿಲ್ಲಿಸಿ ಕೆಳಗೆ ನುಸುಳಬಾರದು. ಗಟ್ಟಿ ನೆಲದ ಮೇಲೆ ಸ್ಟ್ಯಾಂಡು ಕೊಡಬೇಕು. ಅಚ್ಚನ್ನು ಸ್ಪ್ರಿಂಗಿಗೆ ಬಿಗಿಯುವ ಯು-ಬೋಲ್ಟುಗಳು ಹೊಸವೇ ಇರಲಿ. ಕೊಳವೆಗಳಲ್ಲಿನ ಗಾಳಿಯನ್ನೆಲ್ಲ ತೆಗೆದು, ಪೆಡಲು ಗಟ್ಟಿಯಾದ ಮೇಲೆ ಜನರಿಲ್ಲದ ಬಯಲಿನಲ್ಲಿ ನಿಧಾನದ ವೇಗದಿಂದ ಆರಂಭಿಸಿ ಬ್ರೇಕು ಒತ್ತಿ ನೋಡಬೇಕು. ಮುಂದಿನ ಚಕ್ರಗಳಿಗಿಂತ ಮೊದಲು ಹಿಂದಿನವು ಕಟ್ಟಿಹೋದರೆ ಹಿಂದಿನ ಒತ್ತಡವನ್ನು ತಗ್ಗಿಸಿ, ಮತ್ತೊಮ್ಮೆ ನೋಡಬೇಕು. ಕೆಲವು ಮೈಲಿ ಓಡಿದ ಬಳಿಕ ಯು-ಬೋಲ್ಟುಗಳನ್ನು ಪುನಃ ಬಿಗಿದು, ಕೊಳವೆಯ ಪ್ರತಿಯೊಂದು ಜೋಡಣೆಯ ಬಳಿ ಬೆರಳಾಡಿಸಿ ಪಸೆಯಿದೆಯೇ ಎಂದು ಪರೀಕ್ಷಿಸಬೇಕು.